ಮೋಡದ ಕಿಂಡಿಯಲ್ಲಿ ಕಂಡ ಕೆರೆ

ವಿಮಾನ ಹಾರಿಸುವುದನ್ನು ಕಲಿಸುವುದು ನನ್ನ ಕಸುಬು. ಕಲಿಯಲು ಬಂದವರಿಗೆ ಮೊದಲ ವಾರವೇ ಒಂದು ಮಾತು ಹೇಳುತ್ತೇನೆ: ಕಂಡದ್ದನ್ನು ಮಾತ್ರ ಕಂಡೆ ಅನ್ನಿ, ಕಾಣಲಿ ಅಂತ ಆಸೆಪಟ್ಟದ್ದನ್ನು ಕಂಡೆ ಅನ್ನಬೇಡಿ. ಆಕಾಶದಲ್ಲಿ ದಾರಿ ತಪ್ಪಿದವರು ಬಹಳ ಸಲ ಏನೂ ಕಾಣದೆ ತಪ್ಪಿದವರಲ್ಲ. ಕೆಳಗೆ ಕಂಡ ಯಾವುದೋ ಊರನ್ನು ತಮಗೆ ಬೇಕಾದ ಊರೇ ಅಂದುಕೊಂಡು ತಪ್ಪಿದವರು. ಹೀಗೆಲ್ಲ ಬುದ್ಧಿ ಹೇಳುವ ನಾನು, ಈಗ ಬರೆಯಲು ಕುಳಿತಿರುವ ಸಂಗತಿಯನ್ನು ಬಹಳ ದಿನ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ನನ್ನ ಪಾಠಕ್ಕೆ ಯಾರು ಬೆಲೆ ಕೊಟ್ಟಾರು ಎಂಬ ಅಂಜಿಕೆ.

ನಾನು ಹುಟ್ಟಿ ಬೆಳೆದದ್ದು ಶಿಕಾರಿಪುರದಲ್ಲಿ. ಅಪ್ಪನದು ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಮನೆಯಲ್ಲಿ ಲಿಂಗಪೂಜೆ, ಹಬ್ಬ ಹುಣ್ಣಿಮೆ ಎಲ್ಲ ಕ್ರಮವಾಗಿ ನಡೆಯುತ್ತಿತ್ತು. ಅದರ ಜೊತೆಗೆ ಗಾಳಿ ಸೋಕಿದ್ದು, ಸತ್ತ ಹಿರಿಯರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತುಗಳಿಗೂ ಕೊರತೆ ಇರಲಿಲ್ಲ. ನಾನು ಮಾತ್ರ ಚಿಕ್ಕಂದಿನಿಂದ ಇವುಗಳಿಗೆ ಸೊಪ್ಪು ಹಾಕಿದವಳಲ್ಲ. ನಮ್ಮ ಸೋದರತ್ತೆ ಒಬ್ಬರು ನಮ್ಮೂರಿಗೆ ಹತ್ತಿರದ ಬಂದಳಿಕೆಯ ಹಾಳು ಗುಡಿಗಳ ಬಳಿ ನಡುಮಧ್ಯಾಹ್ನ ಪೂಜೆಯ ಗಂಟೆ ಕೇಳಿದೆ ಅಂದಾಗ, ಅದು ಎತ್ತಿನ ಕೊರಳ ಗಂಟೆ ಇದ್ದೀತು ಅತ್ತೆ ಅಂದುಬಿಟ್ಟಿದ್ದೆ. ಅವರು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯ ತನಕ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ನನಗೆ ಹಾರಾಟ ಕಲಿಸಿದವರು ಶ್ರೀಕಂಠ ಸರ್. ಮೈಸೂರು ಕಡೆಯವರು. ನಾನು ಈಗ ಕೆಲಸ ಮಾಡುವ ತರಬೇತಿ ಶಾಲೆಯಲ್ಲಿಯೇ ಬಹಳ ವರ್ಷ ಇದ್ದು ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ನೆಲೆಸಿದ್ದರು. ಅವರ ಪಾಠವೆಲ್ಲ ಮೂರು ಪದಗಳಲ್ಲಿತ್ತು: ಗಡಿಯಾರ, ನಕ್ಷೆ, ನೆಲ. ಮೊದಲು ಗಡಿಯಾರ ನೋಡಿ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಇಷ್ಟು ಹೊತ್ತು ಹಾರಿದರೆ ಎಲ್ಲಿರಬೇಕು ಅಂತ ಲೆಕ್ಕ ಹಾಕಬೇಕು. ಆಮೇಲೆ ನಕ್ಷೆ ನೋಡಿ, ಅಲ್ಲಿ ಯಾವ ಹೊಳೆ, ಯಾವ ರಸ್ತೆ ಇರಬೇಕು ಅಂತ ತಿಳಿಯಬೇಕು. ಕೊನೆಗೆ ನೆಲ ನೋಡಬೇಕು. ತಿರುವುಮುರುವು ಮಾಡಿದರೆ ನೆಲ ಸುಳ್ಳು ಹೇಳುತ್ತದೆ ಅನ್ನುತ್ತಿದ್ದರು. ಅವರ ಹತ್ತಿರ ಬಟ್ಟೆ ಅಂಟಿಸಿದ ಹಳೆಯ ಸರ್ವೆ ನಕ್ಷೆಗಳಿದ್ದವು. ಅವನ್ನೇ ಜೋಡಿಸಿ, ಹೊರಡುವ ಊರಿನಿಂದ ಸೇರುವ ಊರಿಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಮೇಲೆ ಹತ್ತು ಹತ್ತು ನಿಮಿಷಕ್ಕೆ ಒಂದು ಗುರುತು ಹಾಕಿಸುತ್ತಿದ್ದರು.

ನಮ್ಮ ಕಾಲಕ್ಕೆ ಟ್ಯಾಬ್ ಬಂತು. ತೆರೆಯ ಮೇಲೆ ಪುಟ್ಟ ವಿಮಾನದ ಚಿತ್ರ, ಅದರ ಕೆಳಗೆ ಜಾರುವ ನೆಲ, ಎಲ್ಲ ತಾನಾಗಿ ಕಾಣುತ್ತದೆ. ನಾನು ಕಲಿಸುವಾಗ ಎರಡನ್ನೂ ಕಲಿಸುತ್ತಿದ್ದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸಿನಲ್ಲಿ ಟ್ಯಾಬನ್ನೇ ನಂಬಿದ್ದೆ.

ಇದು ನಡೆದದ್ದು ಈಚೆಗೆ, ಒಂದು ಮೇ ತಿಂಗಳಲ್ಲಿ. ಶಾಲೆಯ ನಾಲ್ಕು ಸೀಟಿನ ಸಣ್ಣ ವಿಮಾನವೊಂದನ್ನು ಹುಬ್ಬಳ್ಳಿಯಿಂದ ಶಿವಮೊಗ್ಗಕ್ಕೆ ಒಯ್ಯಬೇಕಿತ್ತು. ಶ್ರೀಕಂಠ ಸರ್ ಅವರ ಮಗಳು ಶಿವಮೊಗ್ಗದಲ್ಲಿದ್ದಳು, ಅವಳಿಗೆ ಅದೇ ವಾರ ಹೆರಿಗೆಯಾಗಿತ್ತು. ಅವರ ಹೆಂಡತಿ ಮೊದಲೇ ಹೋಗಿ ಮಗಳ ಜೊತೆಗಿದ್ದರು. ಸರ್ ಫೋನ್ ಮಾಡಿ, "ಬಸ್ಸಲ್ಲಿ ಅಷ್ಟು ಹೊತ್ತು ಕೂರೋಕೆ ಸೊಂಟ ಒಪ್ಪಲ್ಲಮ್ಮ. ನಿನ್ನ ಪಕ್ಕದ ಸೀಟು ಖಾಲಿ ಇದ್ಯಾ?" ಅಂತ ಕೇಳಿದರು. ನನಗೆ ಬಹಳ ಸಂತೋಷವಾಯಿತು. ಒಂದು ಕೈಚೀಲ ಹಿಡಿದು ಬಂದರು. ಅದರ ತುಂಬ ಮಗುವಿಗೆ ಹಾಸಲು, ಸುತ್ತಲು ಅಂತ ಹಳೆಯ ಮೆತ್ತನೆಯ ಪಂಚೆಗಳು. ಮೇಲುಗಡೆ, ರೂಢಿ ತಪ್ಪದೆ, ನಕ್ಷೆ ಮತ್ತು ಪೆನ್ಸಿಲ್.

ಬೆಳಗ್ಗೆ ಹೊರಡಬೇಕಾದದ್ದು ಕಾಗದಪತ್ರ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಯಿತು. ಸರ್ ಆಕಾಶ ನೋಡಿ, "ಮೇ ತಿಂಗಳು, ಎರಡು ಗಂಟೆ. ನಾಳೆ ಬೆಳಗ್ಗೆ ಹೋಗೋಣ್ವಾ? ಅಷ್ಟರಲ್ಲಿ ಮಗು ಏನೂ ದೊಡ್ಡದಾಗಿಬಿಡಲ್ಲ" ಅಂದರು. ನಾನು ಟ್ಯಾಬಿನಲ್ಲಿ ಹವಾಮಾನ ತೋರಿಸಿದೆ. ದಾರಿಯುದ್ದಕ್ಕೂ ಏನೂ ಇರಲಿಲ್ಲ. ಒಂದು ತಾಸಿನ ಹಾರಾಟ ಸರ್, ಸಂಜೆ ಕಾಫಿಗೆ ಮೊಮ್ಮಗು ತೊಡೆಮೇಲಿರುತ್ತೆ ಅಂದೆ. ಅವರು ಕೈಚೀಲ ಎತ್ತಿಕೊಂಡರು. ವಿಮಾನ ನನ್ನ ಸುಪರ್ದಿನಲ್ಲಿತ್ತು, ತೀರ್ಮಾನ ನನ್ನದು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹಾವೇರಿ ದಾಟುವ ತನಕ ಚೆನ್ನಾಗಿತ್ತು. ಆಮೇಲೆ ಮುಂದೆ ಎಡಕ್ಕೆ, ಅರ್ಧ ಗಂಟೆಯ ಹಿಂದೆ ಇಲ್ಲದ ಮೋಡವೊಂದು ಎದ್ದು ನಿಂತಿತು. ಕೆಳಗೆ ಕಪ್ಪು, ಮೇಲೆ ಹೂಕೋಸಿನಂತೆ ಬಿಳಿ. ಸಣ್ಣ ವಿಮಾನಕ್ಕೆ ಅಂಥ ಮೋಡದ ಒಳಗೆ ಕೆಲಸವಿಲ್ಲ. ಬಲಕ್ಕೆ ಸರಿದೆ. ಅದನ್ನು ಬಳಸಿ ಬರುವಷ್ಟರಲ್ಲಿ ಇನ್ನೊಂದು. ಮತ್ತೆ ಬಲಕ್ಕೆ. ಪ್ರತಿ ಸಲ ತಿರುಗಿದಾಗಲೂ ಸರ್ ಗಡಿಯಾರ ನೋಡಿ ಕಾಗದದ ಮೇಲೆ ಸಮಯ, ದಿಕ್ಕು ಬರೆದುಕೊಳ್ಳುತ್ತಿದ್ದರು. ನಾನು ಅದನ್ನು ಹಳೆಯ ಅಭ್ಯಾಸ ಅಂತ ನೋಡಿ ಒಳಗೊಳಗೆ ನಕ್ಕೆ.

ನಗು ಬಹಳ ಹೊತ್ತು ಉಳಿಯಲಿಲ್ಲ. ಬೆಳಗ್ಗಿನಿಂದ ಬಿಸಿಲಿನಲ್ಲಿ ಕಾದಿದ್ದ ಟ್ಯಾಬ್, ಬಿಸಿ ಹೆಚ್ಚಾಗಿದೆ ಅಂತ ಒಂದು ಸಾಲು ತೋರಿಸಿ ಆರಿಹೋಯಿತು. ವಿಮಾನದ ಸ್ವಂತ ಜಿಪಿಎಸ್ ರಿಪೇರಿಗೆ ಹೋಗಿ, ಅದರ ಜಾಗದಲ್ಲಿ ಬರೀ ತಗಡಿನ ಮುಚ್ಚಳ ಇತ್ತು. ಫೋನ್ ತೆಗೆದೆ. ನೆಟ್‌ವರ್ಕ್ ಇಲ್ಲ. ಬೂದು ಬಣ್ಣದ ಖಾಲಿ ತೆರೆಯ ನಡುವೆ ಒಂದು ನೀಲಿ ಚುಕ್ಕೆ. ಸುತ್ತ ಊರಿಲ್ಲ, ರಸ್ತೆಯಿಲ್ಲ. ನಾವು ಎಲ್ಲೋ ಒಂದು ಕಡೆ ಇದ್ದೇವೆ ಅನ್ನುವುದಷ್ಟೇ ಅದಕ್ಕೆ ಗೊತ್ತಿತ್ತು.

ಅಷ್ಟು ಹೊತ್ತಿಗೆ ಕೆಳಗಿನ ನೆಲವೂ ಮುಚ್ಚಿತು. ದೂಳು, ಮಬ್ಬು, ಅದರ ಮೇಲೆ ಹರಿದ ಕಂಬಳಿಯಂಥ ಮೋಡ. ಹಿಂತಿರುಗೋಣವೆಂದರೆ ಬಂದ ದಾರಿಯಲ್ಲಿ ಮಿಂಚುತ್ತಿತ್ತು. ಮೇಲೇರಿದರೆ ಸೀದಾ ಗುಡುಗಿನ ಹೊಟ್ಟೆಗೆ. ಶಿವಮೊಗ್ಗದ ಟವರಿಗೆ ರೇಡಿಯೊದಲ್ಲಿ ಕರೆದೆ. ಯಾರೋ ಉತ್ತರ ಕೊಟ್ಟರು. ಅರ್ಧ ಪದಗಳು ಬಂದವು, ಉಳಿದದ್ದು ಕರಕರ ಸದ್ದು. ಪೆಟ್ರೋಲಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಗುಡ್ಡಗಳದ್ದು. ಶಿಕಾರಿಪುರದ ಸುತ್ತ ನೆಲ ತೆರವಾಗಿದೆ. ಸೊರಬ ದಾಟಿ ತೆಂಕಣಕ್ಕೂ ಪಡುವಣಕ್ಕೂ ಹೋದರೆ ಗುಡ್ಡಗಳು ಎದ್ದು ಬರುತ್ತವೆ, ಆ ದಿನ ಅವುಗಳ ತಲೆಯೆಲ್ಲ ಮೋಡದೊಳಗೆ.

ನಾವು ಎಲ್ಲಿದ್ದೇವೆ ಎಂಬುದರ ಬಗ್ಗೆ ನನಗೂ ಸರ್‌ಗೂ ಭಿನ್ನಾಭಿಪ್ರಾಯ ಬಂತು. ಟ್ಯಾಬ್ ಆರುವ ಮುಂಚೆ ಕಂಡ ಜಾಗದಿಂದ ಅಂದಾಜು ಮಾಡಿ, ನಾವು ಶಿಕಾರಿಪುರದ ಹತ್ತಿರವೇ ಇದ್ದೇವೆ, ಹೀಗೇ ಹೋದರೆ ಸರಿ ಅಂದೆ. ಸರ್ ತಲೆಯಾಡಿಸಿದರು.

"ಮಳೆ ಮೋಡದ ಗಾಳಿ ನಮ್ಮನ್ನ ಬಲಕ್ಕೆ ತಳ್ತಾ ಇದೆ ಕಣಮ್ಮ. ಎಷ್ಟು ತಳ್ಳಿದೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ನಾವು ಆನವಟ್ಟಿ ಕಡೆ ಇದ್ದೀವಿ."

"ಅಷ್ಟು ದೂರ ಹೇಗೆ ಸರ್?"

"ನನಗೂ ಖಾತ್ರಿ ಇಲ್ಲ. ಆದರೆ ನೀನು ಹೇಳೋ ಜಾಗದಲ್ಲಿ ಇಲ್ಲ ಅನ್ನೋದು ಖಾತ್ರಿ."

ಆನವಟ್ಟಿ ಎಂದರೆ ಶಿಕಾರಿಪುರದಿಂದ ಬಲಕ್ಕೆ, ಸೊರಬದ ಕಡೆ. ಇಪ್ಪತ್ತು ಕಿಲೋಮೀಟರಿನ ವ್ಯತ್ಯಾಸ. ನಾನು ಸರಿಯಿದ್ದು ಅವರ ಮಾತಿಗೆ ತಿರುಗಿದರೆ, ಎಡಕ್ಕಿರುವ ಬಿರುಗಾಳಿಯೊಳಗೆ ನೇರ ಹೊಗುತ್ತೇವೆ. ಅವರು ಸರಿಯಿದ್ದು ನಾನು ತಿರುಗದಿದ್ದರೆ ಗುಡ್ಡ. ಸರ್ ಕೈಚೀಲವನ್ನು ಕಾಲಿನ ನಡುವೆ ಒತ್ತಿ ಹಿಡಿದಿದ್ದರು. ಆ ಪಂಚೆಗಳ ಮೇಲೆ ನನ್ನ ಕಣ್ಣು ಹೋಯಿತು. ಒಂದು ತಾಸಿನ ಕಾಫಿಯ ಮಾತಾಡಿ ಈ ಮನುಷ್ಯನನ್ನು ಇಲ್ಲಿಗೆ ತಂದೆನಲ್ಲ ಅನ್ನಿಸಿತು.

ಆಗ ನನ್ನ ಎಡಗಡೆ ಮೋಡದಲ್ಲಿ ಒಂದು ಕಿಂಡಿ ತೆರೆಯಿತು. ದೊಡ್ಡದೇನಲ್ಲ. ಅದರ ತಳದಲ್ಲಿ ನೀರು ಕಂಡಿತು.

ಕಿಂಡಿ ಮುಚ್ಚುವ ಮೊದಲು ವಿಮಾನವನ್ನು ಎಡಕ್ಕೆ ಬಾಗಿಸಿ, ಸ್ವಲ್ಪ ಕೆಳಗಿಳಿಸಿ, ಅದನ್ನೇ ಸುತ್ತತೊಡಗಿದೆ. ಸರ್ ನನ್ನ ಬಲಕ್ಕೆ ಕೂತಿದ್ದರಿಂದ ಅವರ ಕಿಟಕಿಯಲ್ಲಿ ಮೋಡ ಬಿಟ್ಟು ಬೇರೆ ಕಾಣುವಂತಿರಲಿಲ್ಲ. "ಏನಿದೆ ಕೆಳಗೆ? ಹೇಳು" ಅಂದರು. ಹೇಳಿದೆ. ಒಂದು ಕೆರೆ, ತುಂಬಿದೆ. ಏರಿ ನೆಟ್ಟಗಿಲ್ಲ; ನಡುವೆ ಮೊಣಕೈ ಮಡಿಸಿದ ಹಾಗೆ ಒಂದು ತಿರುವು. ತಿರುವಿನ ಹತ್ತಿರ ನೀರಿನೊಳಗೆ ತೂಬಿನ ಎರಡು ಕಂಬ, ಕಡ್ಡಿ ನೆಟ್ಟಂತೆ. ನೀರಿನ ನಡುವೆ ಒಂದು ನಡುಗಡ್ಡೆ. ಏರಿಯ ಒಂದು ತುದಿಗೆ ಚಿಕ್ಕ ಗುಡಿ. ಆಚೆ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಗುಂಪಾಗಿ ನಿಂತಿದ್ದವು, ಎಮ್ಮೆಗಳಿರಬೇಕು ಅಂದುಕೊಂಡೆ.

ಒಂದು ವಿಷಯ ಮಾತ್ರ ಸರ್‌ಗೆ ಹೇಳಲಿಲ್ಲ, ಹೇಳುವಷ್ಟು ಪುರುಸೊತ್ತಿರಲಿಲ್ಲ. ಗಾಳಿ ವಿಮಾನವನ್ನು ಮೊರದಲ್ಲಿ ಕಾಳು ಹಾರಿಸಿದ ಹಾಗೆ ಎತ್ತಿ ಹಾಕುತ್ತಿತ್ತು. ಆ ನೀರಿನ ಮೇಲೆ ಒಂದು ಅಲೆಯೂ ಇರಲಿಲ್ಲ.

ಸರ್ ನಕ್ಷೆ ಬಿಚ್ಚಿ ಬೆರಳಾಡಿಸುತ್ತಿದ್ದರು. ಈ ಸೀಮೆಯಲ್ಲಿ ಕೆರೆಗಳಿಗೆ ಲೆಕ್ಕವಿಲ್ಲ. ಕೆರೆ ಕಂಡಿತು ಅಂದರೆ ಏನೂ ಹೇಳಿದಂತಾಗಲಿಲ್ಲ. ಆದರೆ ಮೊಣಕೈ ತಿರುವಿನ ಏರಿ, ನಡುಗಡ್ಡೆ, ತುದಿಯಲ್ಲಿ ಗುಡಿ, ಮೂರೂ ಒಂದೇ ಕಡೆ ಇರುವ ಕೆರೆಗಳು ಎಷ್ಟಿದ್ದಾವು? ಅವರ ಬೆರಳು ನಿಂತಿತು.

"ಗುಡಿ ಯಾವ ತುದಿಗಿದೆ? ಬಡಗಣಕ್ಕಾ, ತೆಂಕಣಕ್ಕಾ?"

ಕಂಪಾಸ್ ನೋಡಿ, "ಬಡಗಣಕ್ಕೆ" ಅಂದೆ.

"ಇದೆ. ಬಂದಳಿಕೆಯಿಂದ ಆನವಟ್ಟಿ ಕಡೆಗೆ ಸ್ವಲ್ಪ ದೂರ. ನಾನು ಅಂದ್ಕೊಂಡಿದ್ದಕ್ಕಿಂತ ಇನ್ನೂ ಬಲಕ್ಕೆ ಬಂದಿದ್ದೀವಿ." ಪೆನ್ಸಿಲ್ ತೆಗೆದು ಅಲ್ಲಿಂದ ಶಿವಮೊಗ್ಗಕ್ಕೆ ಹೊಸ ಗೆರೆ ಎಳೆದರು. ಅಳೆದರು. "ನೂರಾ ನಲವತ್ತೆಂಟು ಡಿಗ್ರಿಗೆ ತಿರುಗು. ಗಾಳಿಗೆ ಐದು ಕಡಿಮೆ ಮಾಡಿ ನೂರಾ ನಲವತ್ತಮೂರು ಹಿಡಿ. ನೀನು ಕಂಡದ್ದು ಸರಿ ಇದ್ರೆ, ಒಂಬತ್ತು ನಿಮಿಷಕ್ಕೆ ಅಂಜನಾಪುರ ಡ್ಯಾಮಿನ ನೀರು ಕಾಣಬೇಕು. ಅದಕ್ಕೆ ಮುಂಚೆ ನಿಮ್ಮೂರು."

ತಿರುಗಿದೆ. ಕಿಂಡಿ ಹಿಂದೆ ಉಳಿಯಿತು. ಮಬ್ಬಿನೊಳಗೆ, ಕಂಪಾಸಿನ ಮುಳ್ಳನ್ನು ಒಂದು ಅಂಕಿಯ ಮೇಲೆ ಹಿಡಿದು, ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಅಷ್ಟು ಉದ್ದದ ನಿಮಿಷಗಳನ್ನು ನಾನು ಮತ್ತೆ ಕಂಡಿಲ್ಲ. ನಾಲ್ಕನೆಯ ನಿಮಿಷಕ್ಕೆ ಮಬ್ಬು ತೆಳುವಾಯಿತು. ಆರನೆಯ ನಿಮಿಷ ಮುಗಿಯುವ ಮೊದಲು ಒಂದು ಕೆರೆ, ಅದರ ದಂಡೆಯ ಮೇಲೆ ಗುಡಿ, ಒತ್ತೊತ್ತಾಗಿ ಹಂಚು, ತಗಡು, ಆರ್‌ಸಿಸಿ ಮನೆಗಳು. ನಮ್ಮೂರಿನ ಹುಚ್ಚರಾಯನ ಕೆರೆ. ಅದನ್ನು ನಾನು ಯಾವ ನಕ್ಷೆಯಲ್ಲೂ ಹುಡುಕಬೇಕಾಗಿರಲಿಲ್ಲ. ಪೇಟೆಯ ಬೀದಿಯಲ್ಲಿ ಅಪ್ಪನ ಅಂಗಡಿಯ ಮೇಲಿನ ನೀಲಿ ತಗಡು ಕಂಡಿತು. ಅಪ್ಪ ಆ ತಗಡಿನ ಕೆಳಗೆ ಯಾರಿಗೋ ಪೈಪು ಅಳೆದು ಕೊಡುತ್ತಿರಬೇಕು, ಅವರಿಗೇನು ಗೊತ್ತು ಅನ್ನಿಸಿ ನಗು ಬಂತು. ಸರಿಯಾಗಿ ಒಂಬತ್ತನೆಯ ನಿಮಿಷಕ್ಕೆ ಅಂಜನಾಪುರದ ನೀರು ಮುಂದೆ ಹರಡಿಕೊಂಡಿತು. ರೇಡಿಯೊ ಸ್ಪಷ್ಟವಾಯಿತು. ಮುಂದಿನದು ಹೇಳುವಂಥದ್ದೇನಿಲ್ಲ. ಶಿವಮೊಗ್ಗದಲ್ಲಿ ಬಿಸಿಲಿತ್ತು. ಇಳಿದೆವು.

ಎಂಜಿನ್ ನಿಲ್ಲಿಸಿದೆ. ಸರ್ ನಕ್ಷೆಯನ್ನು ಮಡಿಕೆ ಕೆಡದಂತೆ ಮಡಚಿ ಚೀಲದಲ್ಲಿಟ್ಟರು. "ಒಂದು ಟೀ ಕುಡಿಯೋಣ" ಅಂದರು. ಒಂದು ಕುಡಿದು, ಇನ್ನೊಂದು ತರಿಸಿಕೊಂಡರು. ಆ ಸಂಜೆ ಆಸ್ಪತ್ರೆಯಲ್ಲಿ, ಆರು ದಿನದ ಹೆಣ್ಣು ಕೂಸನ್ನು ಅವರ ಹೆಂಡತಿ ಆ ಹಳೆಯ ಪಂಚೆಯೊಂದರಲ್ಲಿ ಸುತ್ತಿ ಸರ್ ಕೈಗಿತ್ತರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವತ್ತಿಗೆ ನನ್ನ ಮಟ್ಟಿಗೆ ಕಥೆ ಮುಗಿದಿತ್ತು.

ಎರಡು ದಿನ ಬಿಟ್ಟು ಸರ್ ಫೋನ್ ಮಾಡಿದರು. ಅವರ ಮಗಳು ಹಿಂದಿನ ವರ್ಷ ಅಪ್ಪನಿಗೆ ಒಂದು ಕೈಗಡಿಯಾರ ಕೊಡಿಸಿದ್ದಳು. ಹೆಜ್ಜೆ ಎಣಿಸುವಂಥದ್ದು, ಹೋದ ದಾರಿಯನ್ನೂ ಬರೆದಿಡುವಂಥದ್ದು. ಸರ್‌ಗೆ ಅದರಲ್ಲಿ ಟೈಮ್ ನೋಡುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಅಪ್ಪ ಎಲ್ಲಿದ್ದಾರೆ ತಿಳಿಯಲಿ ಅಂತ ದಾರಿ ಬರೆಯುವ ಏರ್ಪಾಡನ್ನು ಮಗಳೇ ಶುರು ಮಾಡಿಟ್ಟಿದ್ದಳಂತೆ. ಹುಬ್ಬಳ್ಳಿಯಿಂದ ಶಿವಮೊಗ್ಗದ ತನಕ ನಮ್ಮ ಇಡೀ ದಾರಿ ಅದರಲ್ಲಿ ಕೂತಿತ್ತು. "ನಿನಗೆ ಕಳಿಸಿದೀನಿ, ನೋಡು. ನೋಡಿ ನನಗೆ ಫೋನ್ ಮಾಡು" ಅಂದರು. ಅವರ ದನಿ ಎಂದಿನಂತಿರಲಿಲ್ಲ.

ಉಪಗ್ರಹ ಚಿತ್ರದ ಮೇಲೆ ಕೆಂಪು ಗೆರೆ. ಮೋಡಗಳನ್ನು ಬಳಸಿ ಬಂದದ್ದು, ಆಮೇಲೆ ಬಂದಳಿಕೆಯ ಆಚೆ ಬಳೆಯಂತೆ ಒಂದು ಗುಂಡನೆಯ ಸುತ್ತು, ಅಲ್ಲಿಂದ ನೇರ ಶಿವಮೊಗ್ಗಕ್ಕೆ. ಬಳೆ ಇದ್ದದ್ದು ಸರ್ ನಕ್ಷೆಯಲ್ಲಿ ಬೆರಳಿಟ್ಟ ಜಾಗದಲ್ಲೇ. ಬಳೆಯ ಒಳಗೆ ನೀರಿರಲಿಲ್ಲ. ಚೌಕ ಚೌಕ ಹೊಲಗಳಿದ್ದವು. ಬೇರೆ ಬೇರೆ ವರ್ಷದ ಚಿತ್ರ ತೆಗೆದು ನೋಡಿದೆ. ಹಸಿರು ಹೊಲ, ಕೆಂಪು ಹೊಲ, ಕೊಯ್ದ ಹೊಲ. ಕೆರೆ ಒಂದರಲ್ಲೂ ಇಲ್ಲ.

ಅದೇ ವಾರದ ಕೊನೆಗೆ ರಜೆ ಹಾಕಿ ಊರಿಗೆ ಹೋದೆ. ಅಪ್ಪನಿಗೆ ಹೇಳಲಿಲ್ಲ, ಅವರ ಬಿಪಿಗೆ ಹೆದರಿ. ಅವ್ವನಿಗೆ ಹೇಳಿದೆ. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೇಳಿದಳು. ಕೆರೆಯೇ ಇಲ್ಲ ಎಂಬ ಮಾತಿಗೆ ಬರುವ ಮೊದಲೇ ಎದ್ದು ಅಟ್ಟದ ಮೇಲಿನ ಹೊಸ ಮೊರ ಇಳಿಸಿದಳು.

"ಏನು ಮಾಡ್ತೀ ಅವ್ವ?"

"ಗಂಗವ್ವ ಕೈ ಹಿಡದಾಳ. ಬಾಗಿನ ಕೊಡೂದು ಬ್ಯಾಡೇನು?"

"ಅಲ್ಲಿ ನೀರೇ ಇಲ್ಲ ಅವ್ವ. ಹೊಲ ಐತಿ."

ಮೊರದ ದೂಳು ಒರೆಸಿದಳು. ಆಮೇಲೆ, "ಹೋಗಿ ನೋಡಿದ್ರಾತು" ಅಂದು ಅರಿಸಿನ ಕುಂಕುಮ ಕಟ್ಟತೊಡಗಿದಳು.

ಮಾರನೆಯ ಬೆಳಗ್ಗೆ ನನ್ನ ತಮ್ಮನ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು. ಅವ್ವ ಹಿಂದೆ ಕೂತು, ಬಟ್ಟೆ ಸುತ್ತಿದ ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ಆಕಾಶದಾಗ ಹಾರಸಾಕಿಗೆ ರಸ್ತಿ ಮ್ಯಾಲೆ ಓಡಸಾಕ ಬರಂಗಿಲ್ಲೇನು ಅನ್ನುವುದು ಅವಳ ದೂರು. ಬಂದಳಿಕೆ ದಾಟಿದ ಮೇಲೆ ಫೋನಿನಲ್ಲಿ ಆ ಕೆಂಪು ಬಳೆಯನ್ನೇ ನೋಡುತ್ತ ಹೊಲದ ದಾರಿ ಹಿಡಿದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ನೋಡಲು ಜನ ಬರುತ್ತಾರೆ, ಬಿತ್ತಿದ ಹೊಲ ತುಳಿಯುತ್ತಾರೆ.

ಆ ಜಾಗ ನೋಡಿದ ಕೂಡಲೇ ಗುರುತಾಯಿತು. ಗಾಡಿಜಾಡು ಅಂದುಕೊಂಡು ನಾವು ಹತ್ತಿ ನಿಂತದ್ದೇ ಹಳೆಯ ಏರಿ. ಸವೆದು ಆಳೆತ್ತರ ಉಳಿದಿತ್ತು. ನಡುವೆ ಅದೇ ಮೊಣಕೈ ತಿರುವು. ತಿರುವಿನ ಕೆಳಗೆ, ಉತ್ತು ಒಣಗಿದ ಹೆಂಟೆಗಳ ನಡುವೆ, ತೂಬಿನ ಎರಡು ಕಲ್ಲುಕಂಬ. ಬಡಗಣ ತುದಿಯಲ್ಲಿ ಗುಡಿ ಇರಲಿಲ್ಲ, ಅದರ ತಳಪಾಯದ ಕಲ್ಲುಗಳಿದ್ದವು. ನಡುಗಡ್ಡೆ ಇರಬೇಕಾದಲ್ಲಿ ನೆಲ ಸ್ವಲ್ಪ ಉಬ್ಬಿ, ಮೇಲೊಂದು ಜಾಲಿಗಿಡ. ನೀರು ಹೋಗಲಿ, ಕೆಸರಿನ ವಾಸನೆಯೂ ಇರಲಿಲ್ಲ.

ಆಚೆ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿಮಂದೆ ನಿಲ್ಲಿಸಿಕೊಂಡಿದ್ದ ವಯಸ್ಸಾದವರೊಬ್ಬರು ನಮ್ಮನ್ನು ಕಂಡು ಹತ್ತಿರ ಬಂದರು. ಅವ್ವ ಕೆರೆ ಎಲ್ಲಿ ಅಂತ ಕೇಳಿದಳು.

"ಕೆರಿ ಐತ್ರವ್ವ, ಪಹಣಿ ಒಳಗ" ಅಂದು ನಕ್ಕರು. "ನಮ್ಮಜ್ಜ ಸಣ್ಣಾವ ಇದ್ದಾಗ ಒಂದು ಮಳಿಗೆ ಏರಿ ಒಡದು ಹೋತಂತ. ಮತ್ತ ಯಾರೂ ಕಟ್ಟಲಿಲ್ಲ. ಈಗೆಲ್ಲ ಗೋವಿನಜ್ವಾಳ ಬಿತ್ತಾರ."

ಸರ್ ನಕ್ಷೆ ಏರಿ ಒಡೆಯುವ ಮುಂಚಿನ ಸರ್ವೆಯದಿರಬೇಕು ಅಂತ ಆಗ ಹೊಳೆಯಿತು. ನಾನು ಆ ದಿನದ ಮಾತು ತೆಗೆದೆ. ನಾಲ್ಕೈದು ದಿನದ ಹಿಂದೆ ಮಧ್ಯಾಹ್ನ, ಮೋಡ ಕವಿದಿದ್ದಾಗ, ನೀವು ಇಲ್ಲೇ ಇದ್ದಿರಾ?

"ಇದ್ನಿರೀ. ವಿಮಾನ ಒಂದು ಬಾಳ ತಗ್ಗಿನ್ಯಾಗ ಬಂದು ಒಂದು ಸುತ್ತು ಹೊಡದು ಹೋತು. ಕುರಿ ಬೆದರಿ ಒಂದಕ್ಕೊಂದು ಒತ್ತಿಕೊಂಡು ಅಲ್ಲೇ ನಿಂತುಬಿಟ್ಟುವು." ಅವರು ಕೈತೋರಿಸಿದ್ದು ಕೆರೆಯ ಆಚೆ ಅಂಚಿನ ಕಡೆಗೆ. ಅವರ ಕುರಿಗಳೆಲ್ಲ ಕರಿಯವು.

ಆ ದಿನ ಇಲ್ಲಿ ನೀರು ನಿಂತಿತ್ತೇ ಅಂತ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ನೀರಿದ್ರ ಕುರಿ ಹೊಡಕೊಂಡು ಅಷ್ಟು ದೂರದ ಬೋರಿಗೆ ಯಾಕ ಹೋಗತಿದ್ನೆ ತಂಗಿ? ಒಂದು ಹನಿ ಬಿದ್ದಿರಲಿಲ್ಲ." ಆಮೇಲೆ, "ಅದರಾಗ ಇದ್ದಾಕಿ ನೀನಾ?" ಅಂದರು. ಹೌದು ಅಂದೆ.

ಅವ್ವ ಅಷ್ಟು ಹೊತ್ತಿಗೆ ಏರಿ ಇಳಿದು ತೂಬಿನ ಕಂಬಗಳ ಹತ್ತಿರ ಹೋಗಿದ್ದಳು. ಬಾಗಿನವನ್ನು ನೀರಿಗೆ ಬಿಡಬೇಕು, ನೀರಿಲ್ಲ. ಎರಡು ಕಂಬಗಳ ನಡುವೆ ಹೆಂಟೆ ಸರಿಸಿ ಮೊರ ಇಟ್ಟಳು. ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಕುಡಿಯಲು ತಂದಿದ್ದ ಬಾಟಲಿಯ ನೀರನ್ನು ಪೂರ್ತಿ ಬುಡಕ್ಕೆ ಸುರಿದಳು. ಒಣ ಮಣ್ಣು ಅದನ್ನು ಒಂದೇ ಉಸಿರಿಗೆ ಹೀರಿತು. ಕೈ ಮುಗಿದು ಎದ್ದಾಗ ಅವಳ ಕಣ್ಣು ತುಂಬಿತ್ತು. ನಾನು ಏನಾದರೂ ಹೇಳಬೇಕು ಅಂತ, ಅವ್ವ, ಇಲ್ಲಿ ಏನೂ ಇಲ್ಲವಲ್ಲ ಅಂದೆ.

"ಕೆರಿ ಇಲ್ಲದಿದ್ರ ಇಲ್ಲ ಬಿಡು," ಅಂದಳು. "ನೀ ಅದೀಯಲ್ಲ."

ಬಾಗಿನದ ಕಾಯಿ, ಬೆಲ್ಲ, ಕುಪ್ಪಸದ ಬಟ್ಟೆಯನ್ನು ಆಮೇಲೆ ಆ ಅಜ್ಜನ ಮನೆಯವರಿಗೆ ಕೊಡಿಸಿದಳು. ನೀರಿಗೆ ಬಿಟ್ಟರೂ ಒಂದೇ, ಮುತ್ತೈದೆಗೆ ಕೊಟ್ಟರೂ ಒಂದೇ ಅಂತ ತಾನೇ ಶಾಸ್ತ್ರ ಹೇಳಿಕೊಂಡಳು. ಬರುವಾಗ ದಾರಿಯುದ್ದಕ್ಕೂ ಒಂದು ಸಲವೂ ಗುದ್ದಲಿಲ್ಲ.

ಈಗ ಓದುಗರು ಕೇಳಬಹುದಾದ್ದನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ಬಿಸಿಗಾಳಿಯ ಭ್ರಮೆ ಇದ್ದೀತೇ? ಬಿಸಿಗಾಳಿ ನೀರಿನಂಥದ್ದನ್ನು ತೋರಿಸೀತು. ಬಿದ್ದುಹೋದ ಗುಡಿಯನ್ನು ಎಬ್ಬಿಸಿ ತೋರಿಸದು. ಚಿಕ್ಕಂದಿನಲ್ಲಿ ಯಾರಾದರೂ ಆ ಕೆರೆಯ ವಿಷಯ ಹೇಳಿದ್ದು ಮನಸ್ಸಿನ ತಳದಲ್ಲಿತ್ತೇ? ಅವ್ವನನ್ನೂ, ಬೇರೆ ನೆಪ ತೆಗೆದು ಅಪ್ಪನನ್ನೂ ಕೇಳಿದೆ, ಅಂಥ ಕೆರೆಯೇ ಅವರಿಗೆ ಗೊತ್ತಿರಲಿಲ್ಲ. ಏರಿ ಮತ್ತು ಕಂಬಗಳನ್ನು ಮಾತ್ರ ಕಂಡು, ಉಳಿದದ್ದನ್ನು ಭಯದಲ್ಲಿ ನಾನೇ ತುಂಬಿಕೊಂಡೆನೇ? ಇದ್ದರೂ ಇದ್ದೀತು. ಬಹಳ ದಿನ ಈ ಉತ್ತರವನ್ನೇ ಹಿಡಿದುಕೊಂಡಿದ್ದೆ. ಆದರೆ ಸರ್ ಕೇಳಿದಾಗ ಗುಡಿ ಬಡಗಣಕ್ಕಿದೆ ಅಂದೆನಲ್ಲ, ಅದನ್ನು ಊಹೆ ಮಾಡಿ ಹೇಳಿದ್ದಲ್ಲ. ಅದರ ಬಿಳಿ ಸುಣ್ಣದ ಗೋಡೆಯನ್ನು ನೋಡಿ ಹೇಳಿದ್ದು. ಶ್ರೀಕಂಠ ಸರ್ ಈ ಬಗ್ಗೆ ವಾದ ಮಾಡುವುದಿಲ್ಲ. ಕೇಳಿದರೆ, "ಮೊಮ್ಮಗಳು ಈಗ ತಪ್ಪುಹೆಜ್ಜೆ ಇಡ್ತಾ ಇದ್ದಾಳೆ" ಅಂತ ಬೇರೆ ಮಾತು ತೆಗೆಯುತ್ತಾರೆ.

ದಾರಿ ಬಿಟ್ಟು ಹಾರಿದ್ದಕ್ಕೆ ಆಗ ಶಾಲೆಗೆ ಒಂದು ವರದಿ ಬರೆದುಕೊಡಬೇಕಾಗಿತ್ತು. ಶಿವಮೊಗ್ಗದಲ್ಲಿ ಇಳಿದ ಸಂಜೆಯೇ, ಕೈಗಡಿಯಾರದ ಸುದ್ದಿ ಬರುವ ಮೊದಲೇ ಬರೆದುಬಿಟ್ಟಿದ್ದೆ. ನೀವಿರುವ ಜಾಗವನ್ನು ಹೇಗೆ ಗುರುತಿಸಿದಿರಿ ಎಂಬ ಕಾಲಮ್ಮಿನಲ್ಲಿ, "ಕೆಳಗೆ ಕಂಡ ಕೆರೆಯಿಂದ, ಸರ್ವೆ ನಕ್ಷೆಯೊಂದಿಗೆ ತಾಳೆ ನೋಡಿ" ಎಂದು ನನ್ನ ಕೈಬರಹದಲ್ಲೇ ಇದೆ. ಯಾರೂ ಪ್ರಶ್ನೆ ಎತ್ತಲಿಲ್ಲ. ಫೈಲಿಗೆ ಸೇರಿತು. ಅದನ್ನು ತಿದ್ದಿ ಕೊಡಬೇಕು ಅಂತ ಎರಡು ಮೂರು ಸಲ ಆಫೀಸಿಗೆ ಹೋಗಿ ಫೈಲು ತೆಗೆಸಿದ್ದೂ ಉಂಟು. ಪೆನ್ನು ಹಿಡಿದು ಕೂತು, ಏನಂತ ತಿದ್ದುವುದು ತಿಳಿಯದೆ, ಹಾಗೇ ವಾಪಸು ಕೊಟ್ಟು ಬಂದಿದ್ದೇನೆ.